ಮೀನುಮನೆಗೆ ಯಾವ ರಾಜ್ಯದ ತೆರಿಗೆ?

ಟ್ಯಾಮರಾಕ್ ಪಾಯಿಂಟ್, ಮಿನೆಸೋಟ
ಜನವರಿ 5

ಐಲಿ ಕೋಸ್ಕಿ ಅವರಿಗೆ,
ತಂಬಾಕು ತೆರಿಗೆ ವಿಭಾಗ, ಸೇಂಟ್ ಪಾಲ್

ಮಾನ್ಯರೇ,

ವಿಷಯ: ಮಂಜುಗಡ್ಡೆಯ ಮೇಲೆ ನಿಲ್ಲಿಸಿದ ಮನೆಯೊಂದಕ್ಕೆ ಯಾವ ರಾಜ್ಯದ ತೆರಿಗೆ ಅನ್ವಯಿಸುತ್ತದೆ ಎಂಬುದರ ಬಗ್ಗೆ ಸ್ಪಷ್ಟೀಕರಣ ಕೋರಿ.

ಕೆಳಗೆ ಸಹಿ ಮಾಡಿರುವ ನಾನು, ಟಿಲ್ಡಾ ಕೋಸ್ಕಿ, ವಯಸ್ಸು ಇಪ್ಪತ್ತೆರಡು, ಈ ಊರಿನ ಇ-ಸಿಗರೇಟ್ ಅಂಗಡಿಯ ಮಾಲೀಕರಾದ ರೇನೊ ಕೋಸ್ಕಿ ಅವರ ಮಗಳು ಹಾಗೂ ಸದರಿ ಅಂಗಡಿಯ ಸಮಸ್ತ ಸಿಬ್ಬಂದಿ, ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಮ್ಮ ರಾಜ್ಯದಲ್ಲಿ ಇ-ಸಿಗರೇಟಿನ ಸಗಟು ಬೆಲೆ ನೂರು ಡಾಲರ್ ಇದ್ದರೆ ಅದರ ಮೇಲೆ ತೊಂಬತ್ತೈದು ಡಾಲರ್ ತೆರಿಗೆ. ಹೊಳೆಯ ಆಚೆ ದಡ ವಿಸ್ಕಾನ್ಸಿನ್. ಅಲ್ಲಿ ಬೆಲೆಯನ್ನೇ ಕೇಳುವುದಿಲ್ಲ. ಬಾಟಲಿಯೊಳಗಿನ ರಸವನ್ನು ಅಳೆದು ಮಿಲಿಲೀಟರಿಗೆ ಐದು ಸೆಂಟ್ ತೆಗೆದುಕೊಂಡು ಹೋಗಿಬನ್ನಿ ಎನ್ನುತ್ತಾರೆ. ನಡುವೆ ಒಂದು ಸೇತುವೆ. ನಮ್ಮ ಗಿರಾಕಿಗಳಿಗೆ ಕಾಲೂ ಇದೆ, ಕಾರೂ ಇದೆ. ಮುಂದಿನದನ್ನು ತಾವು ಊಹಿಸಬಲ್ಲಿರಿ. ತೆರಿಗೆ ಬರೆದವರಿಗೆ ಊಹೆ ಕಷ್ಟವಲ್ಲ.

ಹೀಗಿರುವಲ್ಲಿ, ನಮ್ಮ ಕುಟುಂಬದ ಸ್ವಾಧೀನದಲ್ಲಿ ಒಂದು ಮೀನುಮನೆ ಇರುತ್ತದೆ. ಹಸಿರು ಬಣ್ಣ, ಇಬ್ಬರು ಕೂರುವಷ್ಟು ಜಾಗ, ಕೆಳಗೆ ಜಾರುಪಟ್ಟಿ, ಒಳಗೆ ಸೌದೆ ಒಲೆ, ಮಂಜುಗಡ್ಡೆ ಕೊರೆದು ಗಾಳ ಇಳಿಬಿಡಲು ನೆಲದಲ್ಲಿ ಎರಡು ಕಿಂಡಿ. ಹೊಳೆ ಹೆಪ್ಪುಗಟ್ಟಿದ ಮೇಲೆ ಎಳೆದುಕೊಂಡು ಹೋಗಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಆದರೆ ಹಿಂದಿನ ಎರಡು ಚಳಿಗಾಲದಿಂದ ಅದು ನಮ್ಮ ಹಿತ್ತಲು ಬಿಟ್ಟು ಕದಲಿಲ್ಲ. ಏಕೆಂದರೆ ಅದರೊಳಗೆ ಎದುರುಬದುರು ಕೂರುತ್ತಿದ್ದ ಇಬ್ಬರ ನಡುವೆ ಮಾತಿಲ್ಲ. ಆ ಇಬ್ಬರು ಯಾರೆಂಬುದು ದಾಖಲೆಗೆ ಅಗತ್ಯವಿಲ್ಲ. ಒಬ್ಬರು ಅಂಗಡಿಯಲ್ಲಿದ್ದಾರೆ, ಇನ್ನೊಬ್ಬರು ಈ ಕಾಗದ ಓದುತ್ತಿದ್ದಾರೆ.

ಈಗ ನನ್ನ ಪ್ರಶ್ನೆ. ಸದರಿ ಮೀನುಮನೆಯನ್ನು ಹೊಳೆಯ ನಡುವಿನ ಗಡಿ ದಾಟಿಸಿ, ಕೊಂಚ ವಿಸ್ಕಾನ್ಸಿನ್ ಕಡೆಗೆ ನಿಲ್ಲಿಸಿ, ಅದರಲ್ಲಿ ನಮ್ಮ ಅಂಗಡಿಯ ಶಾಖೆ ತೆರೆದರೆ ತೆರಿಗೆ ಯಾರಿಗೆ? ಗಿರಾಕಿ ಮಿನೆಸೋಟದಲ್ಲಿ ನಿಂತು ಕೈಯನ್ನು ಮಾತ್ರ ವಿಸ್ಕಾನ್ಸಿನ್‌ಗೆ ಚಾಚಿದರೆ ಏನು ಮಾಡಬೇಕು?

ಫೋನ್ ಮಾಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಮ್ಮ ಮನೆಯ ಸಂಖ್ಯೆ ಕಂಡರೆ ತಾವು ಎತ್ತುವುದಿಲ್ಲ. ಆದರೆ ತೆರಿಗೆದಾರರ ಪತ್ರಕ್ಕೆ ಲಿಖಿತ ಉತ್ತರ ಕೊಡುವುದೇ ತಮ್ಮ ವಿಭಾಗದ ಕೆಲಸವೆಂದು ಇಲಾಖೆಯ ಜಾಲತಾಣದಲ್ಲಿ ಓದಿ ತಿಳಿದಿದ್ದೇನೆ. ಮಾರ್ಚ್ ಒಂದರೊಳಗೆ ಎಲ್ಲ ಮೀನುಮನೆಗಳೂ ಗಡಿನೀರಿನಿಂದ ತೆರವಾಗಬೇಕೆಂಬ ಕಾನೂನಿರುವುದರಿಂದ ದಯವಿಟ್ಟು ಬೇಗ ಉತ್ತರಿಸಬೇಕಾಗಿ ವಿನಂತಿ.

ತಮ್ಮ ವಿಧೇಯಳು,
ಟಿಲ್ಡಾ ಕೋಸ್ಕಿ
ಶಾಖಾ ವ್ಯವಸ್ಥಾಪಕಿ (ನೇಮಕಾತಿ ನಾನೇ ಮಾಡಿಕೊಂಡದ್ದು)


ಸೇಂಟ್ ಪಾಲ್
ಜನವರಿ 14

ಟಿಲ್ಡಾ ಕೋಸ್ಕಿ ಅವರಿಗೆ,

ನಿಮ್ಮ ಪತ್ರ ತಲುಪಿದೆ.

ಸರಕು ಎಲ್ಲಿ ಮಾರಾಟವಾಗುತ್ತದೆಯೋ ಆ ರಾಜ್ಯದ ತೆರಿಗೆ. ಕಟ್ಟಡದ ಕೆಳಗೆ ಅಡಿಪಾಯವಿದೆಯೋ ಜಾರುಪಟ್ಟಿಯಿದೆಯೋ ಎಂದು ಕಾನೂನು ಕೇಳುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ಮಾರಲು ಅಲ್ಲಿನ ಪರವಾನಗಿ ಬೇಕು. ಅದನ್ನು ಕೊಡುವ ಅಧಿಕಾರ ನಮಗಿಲ್ಲ. ಇಪ್ಪತ್ತೊಂದು ತುಂಬದವರಿಗೆ ಎರಡೂ ದಡದಲ್ಲಿ ಮಾರುವಂತಿಲ್ಲ. ಗಡ್ಡ ನೋಡಿ ನಂಬಬೇಡಿ, ಗುರುತಿನ ಚೀಟಿ ಕೇಳಿ.

ಮಿನೆಸೋಟದ ತೆರಿಗೆ ಕಟ್ಟದ ಸರಕು ಮಿನೆಸೋಟದ ನೆಲದ ಮೇಲಾಗಲಿ, ನೀರಿನ ಮೇಲಾಗಲಿ, ಗಟ್ಟಿಯಾದ ನೀರಿನ ಮೇಲಾಗಲಿ ಕಂಡುಬಂದರೆ ಮುಟ್ಟುಗೋಲಿಗೆ ಒಳಪಡುತ್ತದೆ. ಊರಿನ ಅಂಗಡಿಯ ಪರವಾನಗಿಯೂ ರದ್ದಾಗಬಹುದು. ಇದನ್ನು ಎರಡು ಸಲ ಓದಿ.

ಕೈ ಚಾಚುವ ಗಿರಾಕಿಯ ಬಗ್ಗೆ ಇಲಾಖೆಗೆ ಅಭಿಪ್ರಾಯವಿಲ್ಲ.

ಈ ಪತ್ರ ಸಾಮಾನ್ಯ ಮಾಹಿತಿಗಾಗಿ ಮಾತ್ರ.

ಐಲಿ ಕೋಸ್ಕಿ

(ಕೈಬರಹದಲ್ಲಿ) ಆ ಮನೆಯ ಒಲೆಯ ಹೊಗೆಕೊಳವೆ ತಿರುವಿನಲ್ಲಿ ಸಡಿಲವಿತ್ತು. ಸರಿಮಾಡಿಸದೆ ಬೆಂಕಿ ಹಾಕಬೇಡ.


ಟ್ಯಾಮರಾಕ್ ಪಾಯಿಂಟ್
ಜನವರಿ 24

ಮಾನ್ಯ ಅತ್ತೆಯವರೇ,

ಕೈಬರಹದ ಎರಡು ವಾಕ್ಯಗಳಿಗೆ ಮೊದಲು ಉತ್ತರ: ಕೊಳವೆಗೆ ತಂತಿ ಬಿಗಿದಿದ್ದೇನೆ. ಸ್ವಲ್ಪ ಹೊಗೆ ಬರುತ್ತದೆ, ಆದರೆ ನಾವು ಮಾರುವುದೇ ಹೊಗೆಗೆ ಬದಲಿ ವಸ್ತುವಾದ್ದರಿಂದ ಅದು ಪ್ರಚಾರಕ್ಕೆ ಒಳ್ಳೆಯದು.

ಈಗ ಪ್ರಗತಿ ವರದಿ. ಆಚೆ ದಡದ ಊರಕಚೇರಿಗೆ ಹೋಗಿ ನನ್ನ ಹೆಸರಿನಲ್ಲೇ ವಿಸ್ಕಾನ್ಸಿನ್ ಪರವಾನಗಿ ಪಡೆದಿದ್ದೇನೆ. ಅಲ್ಲಿನ ಗುಮಾಸ್ತೆ ವಿಳಾಸ ಕೇಳಿದರು. “ಹೊಳೆ” ಅಂದೆ. “ಹೊಳೆಯ ಪಕ್ಕ ಅಂತ ಬರ್ಕೊಳ್ಲಾ?” ಅಂದರು. “ಮೇಲೆ ಅಂತ ಬರ್ಕೊಳ್ಳಿ” ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ ಹಾಗೆಯೇ ಬರೆದುಕೊಂಡರು. ಇಂಥ ಉದಾರ ಸರ್ಕಾರಗಳೂ ಭೂಮಿಯ ಮೇಲಿವೆ.

ಅಲ್ಲಿನ ಸಗಟು ವ್ಯಾಪಾರಿಯಿಂದ ಒಂದು ಪೆಟ್ಟಿಗೆ ಸರಕು ತಂದು, ಜಾರುಬಂಡಿಯಲ್ಲಿ ಮಂಜಿನ ಮೇಲೆಯೇ ಎಳೆದು, ಮೀನುಮನೆಯಲ್ಲಿ ಅಜ್ಜಿಯ ಬೆಂಚಿನ ಕೆಳಗೆ ಇಟ್ಟಿದ್ದೇನೆ. ಇನ್ನೂ ಒಂದೂ ಮಾರಿಲ್ಲ. ಉದ್ಘಾಟನೆ ಫೆಬ್ರುವರಿಯ ಎರಡನೇ ಶನಿವಾರ. ರಿಬ್ಬನ್ ಕತ್ತರಿಸಲು ತಮ್ಮನ್ನು ಕರೆಯುವ ಆಸೆ.

ಗಡಿಯ ವಿಷಯದಲ್ಲಿ ಆತಂಕ ಬೇಡ. ಫೋನಿನ ನಕ್ಷೆಯಲ್ಲಿ ಆ ಗೆರೆ ನಮ್ಮ ಮೀನುಮನೆಗಿಂತ ಅಗಲವಾಗಿದೆ, ಮೇಲಾಗಿ ಚಳಿಗೆ ಫೋನೇ ಸತ್ತುಹೋಯಿತು. ಆದ್ದರಿಂದ ಅಜ್ಜಿ ಕಲಿಸಿದ ಹಾಗೆ ಊರಿನ ಕಡೆ ಮುಖ ಮಾಡಿ ನಿಂತೆ. ಚರ್ಚಿನ ಗೋಪುರದ ಹಿಂದೆ ನೀರಿನ ಟ್ಯಾಂಕು ಸರಿಯಾಗಿ ಮರೆಯಾದರೆ ಅದು ಗಡಿ. ಟ್ಯಾಂಕು ಗೋಪುರದ ಬಲಕ್ಕೆ ಇಣುಕಿದರೆ ವಿಸ್ಕಾನ್ಸಿನ್. ಇಣುಕಿತು. ಅಲ್ಲೇ ಮನೆ ಇಳಿಸಿದೆ.

ಅಪ್ಪನಿಗೆ ಇದೊಂದೂ ಗೊತ್ತಿಲ್ಲ. ನಾನು ಮೀನು ಹಿಡಿಯುತ್ತಿದ್ದೇನೆ ಎಂದುಕೊಂಡಿದ್ದಾನೆ. ಒಂದು ಮೀನನ್ನೂ ತರದೆ ದಿನಾ ಬರುವುದನ್ನು ನೋಡಿ ಅವನಿಗೇನೂ ಆಶ್ಚರ್ಯವಾಗಿಲ್ಲ. ಮಗಳ ಬಗ್ಗೆ ಅವನಿಗಿರುವ ಅಭಿಪ್ರಾಯ ಅಷ್ಟು.

ಅಂಗಡಿಯ ಸಂಗತಿ ಹೇಳುತ್ತೇನೆ. ವಾಲ್ಫ್ರಿಡ್ ಮಾಮ ನಿಮಗೆ ನೆನಪಿರಬೇಕು, ಅದಿರಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು, ದಿನಕ್ಕೆ ಎರಡು ಪ್ಯಾಕ್ ಸುಡುತ್ತಿದ್ದವರು. ಸಿಗರೇಟು ಬಿಡಲೆಂದು ಅಪ್ಪನ ಹತ್ತಿರ ಬಂದು ಮೂರು ವರ್ಷವಾಯಿತು. ಅಪ್ಪ ಅವರಿಗೆ ನಿಕೋಟಿನ್ ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದಿದ್ದಾನೆ. ಮೊನ್ನೆ ಬಂದವರು ಕೋಟಿನ ಜೇಬನ್ನು ಕೈಯಿಂದ ಮುಚ್ಚಿಕೊಂಡೇ ನಿಂತಿದ್ದರು. ಒಳಗಿಂದ ಆಚೆ ದಡದ ಅಂಗಡಿಯ ಹಳದಿ ಚೀಲ ಇಣುಕುತ್ತಿತ್ತು.

“ಸೇತುವೆ ಹೆಂಗಿದೆ?” ಎಂದ ಅಪ್ಪ.

“ಯಾವ ಸೇತುವೆ?”

“ನೀನು ದಾಟಿದ ಸೇತುವೆ.”

“ಜಾರುತ್ತೆ” ಎಂದರು ಮಾಮ, ನೆಲ ನೋಡುತ್ತ. “ರೇನೊ, ನನಗೆ ಬರೋದು ಪಿಂಚಣಿ ಕಣೋ. ನಿನ್ನ ತಂಗಿ ಅದರಲ್ಲೂ ಅರ್ಧ ತಗೋತಾಳೆ.”

“ಅವಳ ಸುದ್ದಿ ಬೇಡ. ತೋರ್ಸು, ಏನ್ ಕೊಟ್ರು ಅಲ್ಲಿ?” ಎಂದು ಅಪ್ಪ ಆ ಬಾಟಲಿ ತೆಗೆದು ಬೆಳಕಿಗೆ ಹಿಡಿದು ನೋಡಿದ. “ಇದರಲ್ಲಿ ನಿಕೋಟಿನ್ ನಿನಗೆ ಜಾಸ್ತಿ ಆಯ್ತು. ಇದರ ಅರ್ಧದ್ದು ಕೇಳು ಮುಂದಿನ ಸಲ. ಅವರು ಹೇಳಲ್ಲ.”

ಹೀಗೆ ನನ್ನಪ್ಪ ಬೇರೆ ಅಂಗಡಿಯ ಗಿರಾಕಿಗಳಿಗೆ ಪುಕ್ಕಟೆ ಸಲಹೆ ಕೊಡುವ ವ್ಯಾಪಾರ ಮಾಡುತ್ತಿದ್ದಾನೆ. ಏಪ್ರಿಲ್‌ನಲ್ಲಿ ಬಾಡಿಗೆ ಕರಾರು ಮುಗಿಯುತ್ತದೆ, ಆಮೇಲೆ ಬಾಗಿಲು ಹಾಕುವೆ ಎನ್ನುತ್ತಾನೆ. ಹಾಕಲಿ. ನನಗೆ ಬೇಸರವಿರುವುದು ಅದಕ್ಕಲ್ಲ. ಸಿಗರೇಟು ಸೇದಿಯೇ ತೀರಿಕೊಂಡ ಅಜ್ಜಿಯ ಮಣ್ಣಾದ ದಿನ ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಲೋಟ ಹಿಡಿದುಕೊಂಡು, ಊರೆಲ್ಲ ಕೇಳುವ ಹಾಗೆ ನೀವು ಹೇಳಿದಿರಿ: “ಅಮ್ಮನ್ನ ತಿಂದಿದ್ದಕ್ಕೇ ಹಣ್ಣಿನ ವಾಸನೆ ಹಚ್ಚಿ ಮಾರ್ತಿದ್ದೀಯ.” ಅವನು ಹೇಳಿದ: “ಅದರಲ್ಲೇ ಪಾಲು ತಗೊಂಡು ನೀನು ಸಂಬಳ ಎಣಿಸ್ತಿದ್ದೀಯ.” ಅದಾದ ಮೇಲೆ ಒಂದು ಕ್ರಿಸ್‌ಮಸ್ ಕಾರ್ಡೂ ಇಲ್ಲ. ಅಂಗಡಿಯ ಬಾಗಿಲು ಹಾಕಿದರೆ ಬೇರೆ ಅಂಗಡಿ ತೆಗೆಯಬಹುದು.

ನಿಮ್ಮ ವಿಧೇಯ ಸೋದರಸೊಸೆ,
ಟಿಲ್ಡಾ
ಮಂಜುಗಡ್ಡೆ ಶಾಖೆ


ಸೇಂಟ್ ಪಾಲ್
ಫೆಬ್ರುವರಿ 1

ಟಿಲ್ಡಾ,

ಇದು ಇಲಾಖೆಯ ಕಾಗದವಲ್ಲ, ನನ್ನ ಅಡುಗೆಮನೆಯ ಮೇಜಿನಿಂದ ಬರೆಯುತ್ತಿದ್ದೇನೆ. ಆದರೆ ನಿನ್ನ ಕಾಗದ ಇಲಾಖೆಗೆ ಬಂತು, ತಾರೀಖಿನ ಮುದ್ರೆ ಬಿತ್ತು. ಅದನ್ನು ನಾನು ಓದಿಲ್ಲ ಎನ್ನಲು ಬರುವುದಿಲ್ಲ.

ಒಂದೇ ಪ್ರಶ್ನೆ. ಯಾವ ಗೋಪುರ?

ಅಮ್ಮ ನಮಗೆ ಗಡಿ ಹಿಡಿಯುವುದನ್ನು ಕಲಿಸಿದಾಗ ಚರ್ಚು, ಹೊಳೆಯಿಂದ ನೋಡಿದರೆ, ರಸ್ತೆಯ ಬಲಕ್ಕಿತ್ತು. ಸಿಡಿಲು ಬಡಿದು ಸುಟ್ಟುಹೋಯಿತು. ನೀನು ಹುಟ್ಟುವ ಹಿಂದಿನ ಬೇಸಿಗೆ ಅದು. ಹೊಸದನ್ನು ಕಟ್ಟಿದ್ದು ಎಡಕ್ಕೆ. ಅಮ್ಮ ಹೊಸ ಗೋಪುರವನ್ನು ಗೋಪುರವೆಂದು ಕೊನೆಯವರೆಗೂ ಒಪ್ಪಲಿಲ್ಲ. ಅವಳು ಕಣ್ಣಳತೆಯಲ್ಲೇ ಹಳೆಯದರ ಜಾಗ ನೋಡುತ್ತಿದ್ದಳು. ನಿನಗೆ ಅದು ಗೊತ್ತಿರಲಿಕ್ಕಿಲ್ಲ.

ಹಳೆ ಗೋಪುರದ ಜಾಗ ನೋಡಿ ಟ್ಯಾಂಕು ಬಲಕ್ಕೆ ಬಂದಿದ್ದರೆ ನೀನು ವಿಸ್ಕಾನ್ಸಿನ್‌ನಲ್ಲಿದ್ದೀಯ, ನನಗೆ ಕೆಲಸವಿಲ್ಲ. ಹೊಸದನ್ನು ನೋಡಿದ್ದರೆ ನೀನು ಗಡಿಯನ್ನೇ ದಾಟಿಲ್ಲ. ತೆರಿಗೆ ಕಟ್ಟದ ಸರಕನ್ನು ಮಿನೆಸೋಟಕ್ಕೆ ಎಳೆತಂದು ಅಮ್ಮನ ಬೆಂಚಿನ ಕೆಳಗೆ ಇಟ್ಟಿದ್ದೀಯ. ನೀನು ನಿನ್ನಪ್ಪನ ಅಂಗಡಿಯ ನೌಕರಳು. ಹೋಗುವುದು ಅವನ ಪರವಾನಗಿ. ಅದನ್ನು ನನ್ನ ಕೈಯಿಂದಲೇ ಬರೆಯಬೇಕಾಗುತ್ತದೆ, ಇಲ್ಲವಾದರೆ ಕಂಡೂ ಸುಮ್ಮನಿದ್ದೆನೆಂದು ನಾನು ಕೆಲಸ ಬಿಡಬೇಕಾಗುತ್ತದೆ.

ನಿನ್ನ ಪ್ರಶ್ನೆ ತೆರಿಗೆಯದಲ್ಲವೆಂದು ಮೊದಲ ಕಾಗದದಲ್ಲೇ ಗೊತ್ತಾಗಿತ್ತು. ಆದರೂ ಉತ್ತರಿಸಿದೆ. ಹಾಗಾಗಿ ತಪ್ಪು ನಿನ್ನೊಬ್ಬಳದೇ ಅಲ್ಲ.

ನೀನು ಉತ್ತರ ಬರೆಯಬೇಡ. ಅಪ್ಪನನ್ನು ಕೇಳು.

ಅತ್ತೆ


ಟ್ಯಾಮರಾಕ್ ಪಾಯಿಂಟ್
ಫೆಬ್ರುವರಿ 8

ಅತ್ತೆ,

ಬರೆಯಬೇಡ ಅಂದಿರಿ, ಆದರೂ ಬರೆಯುತ್ತಿದ್ದೇನೆ. ನನ್ನ ಬಿರುದುಗಳನ್ನೆಲ್ಲ ಈ ಕಾಗದದ ಮಟ್ಟಿಗೆ ಅಮಾನತಿನಲ್ಲಿಟ್ಟಿದ್ದೇನೆ.

ಮೂರು ದಿನ ಅಪ್ಪನಿಗೆ ಹೇಳಲಿಲ್ಲ. ಮನೆಯನ್ನು ನಾನೇ ಆಚೆಗೆ ಎಳೆದುಬಿಡೋಣವೆಂದು ಹೋದೆ. ಜಾರುಪಟ್ಟಿ ಮಂಜಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಸನಿಕೆಯಿಂದ ಹೊಡೆದು ಹೊಡೆದು ಕೈ ಬೊಬ್ಬೆ ಬಂತು. ನಾಲ್ಕನೇ ದಿನ ಊಟದ ಹೊತ್ತಿಗೆ ಅಪ್ಪ ನನ್ನ ಅಂಗೈ ನೋಡಿದ.

“ಮೀನು ಅಷ್ಟು ಜಗ್ಗುತ್ತಾ?” ಎಂದ.

ಎಲ್ಲವನ್ನೂ ಹೇಳಿದೆ. ನಿಮ್ಮ ಕಾಗದವನ್ನೂ ಕೊಟ್ಟೆ. ಅವನು ಅದನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದ. ಬೈಯಲಿಲ್ಲ. ಕೋಟು ಹಾಕಿಕೊಂಡು “ನಡಿ” ಎಂದ.

ಮಂಜಿನ ಮೇಲೆ ನಡೆದೆವು. ಅಪ್ಪ ಮುಂದೆ, ನಾನು ಹಿಂದೆ. ಮೀನುಮನೆಯ ಬಾಗಿಲಲ್ಲಿ ನಿಂತು ಊರಿನ ಕಡೆ ನೋಡಿದ. ಕೈಯನ್ನು ಮುಂದೆ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ, ಏನೂ ಇಲ್ಲದ ಆಕಾಶವನ್ನು ಅಳೆದ. ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಅವಳು ದೇವರಿಗೆ ಏನೋ ಸನ್ನೆ ಮಾಡುತ್ತಾಳೆ ಅಂತ ನಾನು ತಿಳಿದಿದ್ದೆ.

“ಮಿನೆಸೋಟ” ಎಂದ.

“ಎಷ್ಟು?”

“ಒಂದು ಕಲ್ಲೆಸೆತ.”

“ಅಪ್ಪ, ಹಳೆ ಗೋಪುರ ನೋಡಿದ್ದು ಅಂತ ಬರೆದ್ರೆ ಯಾರಿಗ್ ಗೊತ್ತಾಗುತ್ತೆ? ಈಗ್ಲೇ ಇಬ್ರೂ ಸೇರಿ ಎಳೆದುಬಿಡೋಣ. ಆ ಚರ್ಚು ಸುಟ್ಟು ಇಪ್ಪತ್ಮೂರು ವರ್ಷ ಆಯ್ತು. ಅದೇನ್ ಸಾಕ್ಷಿ ಹೇಳಕ್ಕೆ ಬರಲ್ಲ.”

ಅವನು ಒಳಗೆ ಹೋಗಿ ತಲೆಕೆಳಗಾಗಿಟ್ಟ ತನ್ನ ಬಕೆಟ್ಟಿನ ಮೇಲೆ ಕೂತ. ಎದುರಿಗೆ ನಿಮ್ಮ ಬಕೆಟ್ಟು ಇತ್ತು, ಅದರ ಮೇಲೆ ನಾನು ಬೆಲೆಪಟ್ಟಿ ಅಂಟಿಸಿದ್ದೆ. ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ.

“ಅವಳು ಸುಮ್ನೆ ಅಧಿಕಾರಿನ ಕಳಿಸಬಹುದಿತ್ತು” ಎಂದ. “ಕಳಿಸಲಿಲ್ಲ. ಕೇಳಿದ್ಲು. ಎರಡು ವರ್ಷ ಆದ್ಮೇಲೆ ನನ್ನನ್ನ ಒಂದು ಮಾತು ಕೇಳಿದಾಳೆ. ಅದಕ್ಕೆ ಸುಳ್ಳು ಹೇಳ್ಲಾ?”

“ಪರವಾನಗಿ ಹೋದ್ರೆ?”

“ಹೋಗುತ್ತೆ.”

“ವಾಲ್ಫ್ರಿಡ್ ಮಾಮ ಮತ್ತೆ ಸಿಗರೇಟಿಗೆ ಹೋದ್ರೆ?”

ಅವನು ಬಿಡಿಸಿದ ಬೆಲೆಪಟ್ಟಿಯನ್ನು ಮಡಚಿ ಜೇಬಿಗಿಟ್ಟ. “ಅವನಿಗೆ ಮನೆಗೆ ಹೋಗಿ ಹೇಳಿ ಬರ್ತೀನಿ, ಅರ್ಧದ್ದೇ ತಗೋ ಅಂತ. ಅದಕ್ಕೆ ಪರವಾನಗಿ ಬೇಡ.”

ಆಮೇಲೆ ಒಲೆಯ ಕೊಳವೆ ನೋಡಿ, “ಈ ತಂತಿ ಯಾರು ಕಟ್ಟಿದ್ದು?” ಎಂದ. “ಅತ್ತೆ ಹೇಳಿದ್ರು” ಅಂದೆ. ಅವನು ಆ ತಂತಿಯನ್ನು ಮುಟ್ಟಿ ನೋಡಿದ ರೀತಿ ನಿಮಗೆ ಹೇಗೆ ಬರೆಯಲಿ. ಬರೆಯುವುದಿಲ್ಲ.

ತಮಾಷೆಗೆ ಶುರು ಮಾಡಿದ್ದು ಅತ್ತೆ. ಪೂರ್ತಿ ತಮಾಷೆಗಲ್ಲ. ಆ ಮನೆ ಹಿತ್ತಲಿಂದ ಮಂಜಿನ ಮೇಲೆ ಬಂದರೆ ನೀವಿಬ್ಬರೂ ಹೇಗಾದರೂ ಅದರೊಳಗೆ ಬಂದು ಕೂರುತ್ತೀರಿ ಅಂತ ಅಂದುಕೊಂಡಿದ್ದೆ. ಈಗ ನಾನೇ ನಿಮ್ಮಿಬ್ಬರ ನಡುವೆ ಮುಟ್ಟುಗೋಲಿನ ಪೆಟ್ಟಿಗೆ ತಂದಿಟ್ಟಿದ್ದೇನೆ.

ಟಿಲ್ಡಾ


ಟ್ಯಾಮರಾಕ್ ಪಾಯಿಂಟ್
ಫೆಬ್ರುವರಿ 9

ತೆರಿಗೆ ಇಲಾಖೆಗೆ,

ನಾನು ರೇನೊ ಕೋಸ್ಕಿ, ಇ-ಸಿಗರೇಟ್ ಅಂಗಡಿಯವನು.

ಹೊಸ ಗೋಪುರ.

ವಿಸ್ಕಾನ್ಸಿನ್‌ನಿಂದ ತಂದ ಒಂದು ಪೆಟ್ಟಿಗೆ ಸರಕು ಮಿನೆಸೋಟದ ಮಂಜಿನ ಮೇಲಿತ್ತು. ಒಂದೂ ಮಾರಿಲ್ಲ. ಈಗ ಅಂಗಡಿಯಲ್ಲಿ ಕಟ್ಟಿ ಅಂಟುಪಟ್ಟಿ ಹಚ್ಚಿ ಇಟ್ಟಿದ್ದೇನೆ. ತಂದವಳು ನನ್ನ ಮಗಳು, ಅಂಗಡಿ ನನ್ನದು, ಹೊಣೆ ನನ್ನದು. ತೆರಿಗೆ ಎಷ್ಟೆಂದು ತಿಳಿಸಿದರೆ ಕಟ್ಟುತ್ತೇನೆ. ಪರವಾನಗಿ ಕಳಿಸಿ ಎಂದರೆ ಗೋಡೆಯಿಂದ ತೆಗೆದು ಕಳಿಸುತ್ತೇನೆ.

ಒಂದು ಕೋರಿಕೆ. ಈ ಕಾಗದವನ್ನು ಐಲಿ ಕೋಸ್ಕಿ ಅವರ ಮೇಜಿಗೆ ಹಾಕಬೇಡಿ. ಅವರು ನನ್ನ ತಂಗಿ. ಅವರು ತಮ್ಮ ಕೆಲಸದಲ್ಲಿ ಯಾವತ್ತೂ ಯಾರ ಮುಲಾಜೂ ನೋಡಿದವರಲ್ಲ. ನೋಡಿದರೆಂದು ಯಾರೂ ಹೇಳುವಂತಾಗಬಾರದು.

ರೇನೊ ಕೋಸ್ಕಿ


ಸೇಂಟ್ ಪಾಲ್
ಫೆಬ್ರುವರಿ 19

ಟಿಲ್ಡಾ,

ನಿನ್ನಪ್ಪನ ಕಾಗದ ನನ್ನ ಮೇಜಿಗೇ ಬಂತು. ಅಂಚೆ ತೆರೆಯುವವರು ಲಕೋಟೆಯ ಮೇಲಿನ ಕೋಸ್ಕಿ ಎಂಬ ಹೆಸರು ನೋಡಿ ನನಗೇ ಹಾಕಿದ್ದರು. ಓದಿದೆ. ಎದ್ದು ಹೋಗಿ ಮೇಲಧಿಕಾರಿಯ ಮುಂದಿಟ್ಟು, ನಿನ್ನ ಕಾಗದಗಳನ್ನೂ ಜೊತೆಗಿಟ್ಟು, “ಇದು ನನ್ನ ಅಣ್ಣನದು, ನಾನು ಮುಟ್ಟುವಂತಿಲ್ಲ” ಎಂದೆ. ಅವರು ನಿನ್ನ ಮೊದಲ ಕಾಗದವನ್ನು ಓದುತ್ತ ಓದುತ್ತ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಕೆಮ್ಮು ಎಂದರು. ಕಡತ ಈಗ ನನ್ನ ಪಕ್ಕದ ಮೇಜಿನಲ್ಲಿದೆ. ನಾನು ಆ ಕಡೆ ನೋಡುವುದಿಲ್ಲ.

ನೀನು ಕೇಳದ ಒಂದು ಪ್ರಶ್ನೆಗೆ ಉತ್ತರಿಸುತ್ತೇನೆ. ಈ ತೆರಿಗೆ ಸರಿಯೆಂದು ನಾನು ಈಗಲೂ ನಂಬುತ್ತೇನೆ. ನಿನ್ನಪ್ಪ ತನ್ನ ಗಲ್ಲಾಪೆಟ್ಟಿಗೆಯ ಎದುರು ಬರುವವರನ್ನು ನೋಡುತ್ತಾನೆ: ವಾಲ್ಫ್ರಿಡ್‌ನಂಥವರು, ಎದೆ ಸುಟ್ಟುಕೊಂಡವರು, ಹೇಗಾದರೂ ಬಿಡಬೇಕೆನ್ನುವವರು. ನನ್ನ ಮೇಜಿಗೆ ಬರುವುದು ಹೈಸ್ಕೂಲು ಮಕ್ಕಳ ತಾಯಂದಿರ ಕಾಗದಗಳು. ಸಿಗರೇಟನ್ನೇ ಮುಟ್ಟಿರದ ಮಗು ಮಾವಿನ ಹಣ್ಣಿನ ವಾಸನೆಯ ಆವಿಯಿಲ್ಲದೆ ತರಗತಿಯಲ್ಲಿ ಕೂರಲಾರದು ಎಂದು ಬರೆಯುತ್ತಾರೆ. ಬೆಲೆ ಏರಿದರೆ ಮಕ್ಕಳ ಕೈಗೆ ಎಟುಕುವುದಿಲ್ಲ. ವಾಲ್ಫ್ರಿಡ್‌ಗೂ ಎಟುಕುವುದಿಲ್ಲ. ಅದು ನನಗೆ ಗೊತ್ತಿಲ್ಲವೆಂದು ನಿನ್ನಪ್ಪ ತಿಳಿದಿದ್ದಾನೆ. ಗೊತ್ತಿದೆ.

ಅಂದು ಚರ್ಚಿನಲ್ಲಿ ಇದನ್ನು ಹೀಗೆ ಹೇಳಬಹುದಿತ್ತು. ಕೈಯಲ್ಲಿ ಕಾಫಿ ಇತ್ತು, ಅಮ್ಮ ಇರಲಿಲ್ಲ.

ಕಡತ ಮುಚ್ಚುವವರೆಗೆ ನಾನು ನಿಮ್ಮ ಊರಿಗೆ ಬರುವುದು ಸರಿಯಲ್ಲ. ಅದು ಮುಚ್ಚುವುದು ಯಾವಾಗಲೋ ತಿಳಿಯದು. ಮಾರ್ಚ್ ಒಂದಕ್ಕೆ ಮನೆ ಎತ್ತಲೇಬೇಕು, ನನಗಾಗಿ ಕಾಯಬೇಡಿ. ಆ ಕಾನೂನು ಬೇರೆ ಇಲಾಖೆಯದು, ಅವರು ಇನ್ನೂ ಕಟ್ಟುನಿಟ್ಟು.

ಅತ್ತೆ


ಟ್ಯಾಮರಾಕ್ ಪಾಯಿಂಟ್
ಮಾರ್ಚ್ 2

ಘನತೆವೆತ್ತ ಅತ್ತೆಯವರ ಸನ್ನಿಧಾನಕ್ಕೆ,

ವಿಷಯ: ಸ್ಥಳ ಪರಿಶೀಲನಾ ವರದಿ.

ಅಮಾನತಿನಲ್ಲಿದ್ದ ಬಿರುದುಗಳೆಲ್ಲ ನನಗೆ ಮರಳಿ ಸಂದಿವೆ ಎಂಬುದನ್ನು ಮೊದಲಿಗೆ ದಾಖಲಿಸುತ್ತೇನೆ.

ಶುಕ್ರವಾರ ಇಲಾಖೆಯ ಪತ್ರ ಬಂತು. ಮಾರಾಟಕ್ಕೆ ಮುನ್ನ ತಾವಾಗಿಯೇ ತಿಳಿಸಿದ್ದರಿಂದ ಪೂರ್ತಿ ತೆರಿಗೆ, ಜೊತೆಗೆ ಒಂದು ಎಚ್ಚರಿಕೆ, ಪರವಾನಗಿ ಗೋಡೆಯ ಮೇಲೆಯೇ ಇರಲಿ, ಕಡತ ಮುಕ್ತಾಯ. ಅಪ್ಪ ಅದನ್ನು ಓದಿ “ಹೂಂ” ಎಂದ. ನಮ್ಮ ಮನೆಯಲ್ಲಿ ಇದನ್ನು ಸಂಭ್ರಮಾಚರಣೆ ಎನ್ನುತ್ತಾರೆ.

ಶನಿವಾರ ಬೆಳಿಗ್ಗೆ ಅಪ್ಪ ನನ್ನನ್ನು ಕರೆದು, ಆಚೆ ದಡಕ್ಕೆ ಹೋಗಿ ನನ್ನ ವಿಸ್ಕಾನ್ಸಿನ್ ಪರವಾನಗಿಯನ್ನು ವಾಪಸು ಕೊಟ್ಟು ಬಾ ಎಂದ. ಶನಿವಾರ ಊರಕಚೇರಿಗೆ ರಜೆ ಎಂದೆ. “ಹಾಗಾದ್ರೆ ಬಾಗಿಲಲ್ಲಿ ಕಾಯಿ” ಎಂದ. ಅಪ್ಪ ಈವರೆಗೆ ಮಾಡಿದ ಏಕೈಕ ಕುಚೇಷ್ಟೆ ಇದು. ನಾನು ಗೌರವದಿಂದ ಹೋಗಿ, ಆಚೆ ದಡದ ಹೋಟೆಲಿನಲ್ಲಿ ಸೇಬಿನ ಪೈ ತಿಂದು, ಸಂಜೆ ಮಂಜಿನ ಮೇಲೆಯೇ ನಡೆದು ಬಂದೆ.

ಮೀನುಮನೆ ಇದ್ದ ಜಾಗದಲ್ಲಿ ಇರಲಿಲ್ಲ. ಅದು ಒಂದು ಕಲ್ಲೆಸೆತ ಪೂರ್ವಕ್ಕೆ ಸರಿದಿತ್ತು. ಸನಿಕೆಯ ಗುರುತುಗಳಿದ್ದವು, ಎರಡು ಜೋಡಿ ಬೂಟಿನ ಗುರುತುಗಳಿದ್ದವು. ಕ್ರಿಸ್‌ಮಸ್ ಮುಗಿದ ಮೇಲೆ ಊರವರು ಮಂಜಿನ ದಾರಿಗೆ ಗುರುತು ನೆಡಲೆಂದು ದಡದಲ್ಲಿ ರಾಶಿ ಹಾಕಿರುತ್ತಾರಲ್ಲ ಆ ಒಣಗಿದ ಹಬ್ಬದ ಮರಗಳು, ಅವುಗಳನ್ನು ಯಾರೋ ಹೊತ್ತು ತಂದು ಹೊಳೆಯ ಉದ್ದಕ್ಕೂ ಸಾಲಾಗಿ ನೆಟ್ಟಿದ್ದರು. ಒಂದರ ಮೇಲೆ ಇನ್ನೂ ಬೆಳ್ಳಿ ಕಾಗದದ ನಕ್ಷತ್ರವಿತ್ತು. ಆ ಸಾಲು ನೇರವಾಗಿ ಬಂದು ಮೀನುಮನೆಯ ಒಂದು ಗೋಡೆಗೆ ನಿಲ್ಲುತ್ತದೆ. ಎದುರು ಗೋಡೆಯಿಂದ ಮತ್ತೆ ಮುಂದುವರಿಯುತ್ತದೆ.

ಒಳಗೆ ಯಾರೂ ಇರಲಿಲ್ಲ. ಒಲೆ ಇನ್ನೂ ಬೆಚ್ಚಗಿತ್ತು. ನೆಲದ ಎರಡು ಕಿಂಡಿಗಳ ನೀರಿನ ಮೇಲೆ ಆಗಷ್ಟೇ ಕೆನೆಗಟ್ಟಿದಂತೆ ತೆಳುವಾದ ಮಂಜು. ಎರಡು ಬಕೆಟ್ಟುಗಳು, ಒಂದೊಂದು ರಾಜ್ಯದಲ್ಲಿ ಒಂದೊಂದು. ನಡುವೆ, ಸರಿಯಾಗಿ ಗಡಿಯ ಮೇಲೆ, ಕಾಫಿಯ ಫ್ಲಾಸ್ಕು.

ಮನೆಗೆ ಬಂದರೆ ಅಪ್ಪ ಬೆಣ್ಣೆಯಲ್ಲಿ ಮೀನು ಹುರಿಯುತ್ತಿದ್ದ. ವಿಚಾರಣೆಯ ನಡಾವಳಿ ಹೀಗಿದೆ:

“ಅತ್ತೆ ಬಂದಿದ್ರಾ?”

“ತಟ್ಟೆ ತಗೋ.”

“ಏನ್ ಮಾತಾಡಿದ್ರಿ?”

“ಮಾತಾಡಿದ್ರೆ ಮೀನು ಓಡೋಗುತ್ತೆ.”

“ಇಡೀ ದಿನ?”

“ಮೊದಲು ಗೆರೆ ಎಲ್ಲಿ ಅಂತ ಜಗಳ ಆಡಿದ್ವಿ. ಅವಳ ಹೆಬ್ಬೆರಳಿಗೂ ನನ್ನ ಹೆಬ್ಬೆರಳಿಗೂ ನಾಲ್ಕಡಿ ವ್ಯತ್ಯಾಸ. ನಡುವೆ ಮರ ನೆಟ್ವಿ.”

“ಮತ್ತೆ ತೆರಿಗೆ?”

“ಅವಳು ತಪ್ಪು ಅಂತ ನಾನು, ನಾನು ತಪ್ಪು ಅಂತ ಅವಳು.” ಮೀನು ಮಗುಚಿ ಹಾಕಿದ. “ಅದಕ್ಕೇ ಮನೇನ ಗೆರೆ ಮೇಲೆ ಎಳೆದಿದ್ದು.”

ತಟ್ಟೆಗೆ ಬಡಿಸಿದ ಮೇಲೆ, ನಾನೇನೂ ಕೇಳದೆಯೇ ಒಂದು ಮಾತು ಹೇಳಿದ. “ಮಧ್ಯಾಹ್ನ ಇ-ಸಿಗರೇಟಿನ ಒಂದು ದಮ್ಮು ಎಳೆಯೋಣ ಅಂತ ಎದ್ದು ಬಾಗಿಲಿಗೆ ಹೋದೆ. ಅವಳು ಗಾಳದಿಂದ ಕಣ್ಣೆತ್ತಲಿಲ್ಲ. ‘ಬಾಗಿಲು ತೆಗೀಬೇಡ, ಚಳಿ. ನಿನ್ನ ರಾಜ್ಯದಲ್ಲೇ ಕೂತು ಸೇದು’ ಅಂದ್ಲು.”

“ಸೇದಿದ್ಯಾ?”

“ಇಲ್ಲ” ಎಂದ. “ಸುಮ್ನೆ ಬಂದು ಕೂತ್ಕೊಂಡೆ.”

ನಿನ್ನೆ ಇಬ್ಬರೂ ಸೇರಿ ಮನೆಯನ್ನು ಹಿತ್ತಲಿಗೆ ಎಳೆದು ತಂದೆವು. ಮರಗಳನ್ನೂ ಕಿತ್ತು ತಂದೆವು. ಅಂಗಡಿಯನ್ನು ಬೇಸಿಗೆಯವರೆಗೂ ನಡೆಸುತ್ತಾನಂತೆ, ಆಮೇಲೆ ನೋಡೋಣ ಎನ್ನುತ್ತಾನೆ. ಅಡುಗೆಮನೆಯಲ್ಲಿ ಶಿಳ್ಳೆ ಹಾಕುತ್ತಿದ್ದಾನೆ, ಕರ್ಣಕಠೋರ, ಆದರೆ ದೂರು ಕೊಡಲಾರೆ.

ಕೊನೆಯದಾಗಿ ಒಂದು ಗಂಭೀರ ಪ್ರಶ್ನೆ. ಅಪ್ಪನ ಹೇಳಿಕೆಯ ಪ್ರಕಾರ ಶನಿವಾರ ಮಿನೆಸೋಟದ ಕಿಂಡಿಯಲ್ಲಿ ತಾವು ಏಳು ಮೀನು ಹಿಡಿದಿರಿ, ವಿಸ್ಕಾನ್ಸಿನ್ ಕಿಂಡಿಯಲ್ಲಿ ಅವನಿಗೆ ಸಿಕ್ಕಿದ್ದು ಎರಡೇ. ತಮ್ಮ ಮೀನುಗಳು ಅವನ ಕಡೆಯಿಂದ ನೆಲದಡಿ ನುಸುಳಿ ಬಂದವೆಂದು ಅವನ ಆರೋಪ. ಗಡಿ ದಾಟಿ ಬಂದ ಈ ಸರಕಿಗೆ ಯಾವ ರಾಜ್ಯದ ಕಾನೂನು?

ತಮ್ಮ ಪರಮ ವಿಧೇಯಳು,
ಟಿಲ್ಡಾ ಕೋಸ್ಕಿ
ನಿವೃತ್ತ ಶಾಖಾ ವ್ಯವಸ್ಥಾಪಕಿ


ಸೇಂಟ್ ಪಾಲ್
ಮಾರ್ಚ್ 9

ಟಿಲ್ಡಾ ಕೋಸ್ಕಿ ಅವರಿಗೆ,

ನಿಮ್ಮ ಪತ್ರ ತಲುಪಿದೆ.

ಮೀನಿನ ವಿಷಯದಲ್ಲಿ ಎರಡೂ ರಾಜ್ಯಗಳು ಬಹಳ ಹಿಂದೆಯೇ ರಾಜಿಯಾಗಿವೆ. ಗಡಿನೀರಿನಲ್ಲಿ ಯಾವ ಕಡೆಯ ಪರವಾನಗಿ ಇದ್ದರೂ ಎರಡೂ ಕಡೆ ಗಾಳ ಹಾಕಬಹುದು. ಮೀನು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ನಿಮ್ಮ ತಂದೆಯವರ ಆರೋಪದಲ್ಲಿ ಹುರುಳಿಲ್ಲ. ಅವರು ಚಿಕ್ಕಂದಿನಿಂದಲೂ ಗಾಳವನ್ನು ಬೇಗ ಎಳೆಯುತ್ತಾರೆ.

ಸ್ಥಳ ಪರಿಶೀಲನೆಯ ವೇಳೆ ಗಮನಕ್ಕೆ ಬಂದದ್ದು: ಹೊಗೆಕೊಳವೆಯ ತಿರುವು ಈಗಲೂ ಸಡಿಲವಿದೆ. ತಂತಿ ಪರಿಹಾರವಲ್ಲ. ಹೊಸದನ್ನು ನೀವು ಕೊಳ್ಳುವುದು ಬೇಡ. ಹೊಳೆ ಹೆಪ್ಪುಗಟ್ಟಿದ ಮೇಲೆ, ಡಿಸೆಂಬರಿನಲ್ಲಿ, ನಾನೇ ತರುತ್ತೇನೆ.

ಈ ಪತ್ರ ಸಾಮಾನ್ಯ ಮಾಹಿತಿಗಾಗಿ ಮಾತ್ರ.

ನಿನ್ನ ಅತ್ತೆ,
ಐಲಿ